ಒಳಮಡಿಕೆಯ ನವಿಲು

ಭೀಮಕ್ಕ ಗಂಡನ ಪೆಟ್ಟಿಗೆಯನ್ನು ಮತ್ತೊಮ್ಮೆ ತಲೆಕೆಳಗು ಮಾಡಿ ಕೊಡವಿದಳು. ಬಿದ್ದದ್ದು ತುಕ್ಕು ಹಿಡಿದ ಕತ್ತರಿ, ಅಷ್ಟೇ. ಗೋವಿನಕೋವಿಯ ಸುತ್ತಿನ ಹಳ್ಳಿಗಳಿಗೆಲ್ಲ ಬಟ್ಟೆ ಹೊತ್ತು ಮಾರಿದ ಓಬಳಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಮಣ್ಣಿಗೆ ಹೋಗುವವರಿಗೆ ನೀರು ಕಾಣದ ಹೊಸ ಬಟ್ಟೆಯೇ ಆಗಬೇಕು. ಅವನ ಮನೆಯಲ್ಲೇ ಅದು ಇರಲಿಲ್ಲ.

"ಹೊನ್ನಾಳಿ ಅಂಗಡ್ಯಾಗೂ ಸಿಗಲಿಲ್ಲ ಅತ್ತಿಗೆ," ಮೈದುನ ರೇವಣ್ಣ ಬೆವರು ಒರೆಸಿಕೊಂಡ. "ಯುದ್ಧ, ಬಟ್ಟೆಗೂ ಕಂಟ್ರೋಲು ಅಂತಾರೆ. ಒಗೆದಿದ್ದನ್ನೇ ಹೊಚ್ಚಾನ. ಯಾರೇನಂತಾರೆ?"

"ನಾನಂತೀನಿ. ಊರಿಗೆಲ್ಲ ಹೊಸಾದು ಉಡಿಸಿದೋರು ಅವರು. ಉಟ್ಟು ಬಿಟ್ಟಿದ್ದು ಹೊದ್ಕೊಂಡು ಹೋಗಾಕೆ ಬಿಡಂಗಿಲ್ಲ."

ಹೊತ್ತು ಇಳಿಯುತ್ತಿತ್ತು. ಹೆಣವನ್ನು ಇನ್ನು ಹೆಚ್ಚು ಕಾಯಿಸುವಂತಿರಲಿಲ್ಲ.

*

ಯುದ್ಧಕ್ಕೆ ಮುಂಚೆ ಓಬಳಪ್ಪ ಮಾರುತ್ತಿದ್ದುದು ನವಿಲು ಛಾಪಿನ ಬಟ್ಟೆ ಮಾತ್ರ. ತುದಿಯಲ್ಲಿ ಗಿರಣಿಯ ಗುರುತಾಗಿ ನೀಲಿ ಮಸಿಯ ನವಿಲು. ಅದು ಮೇಲೆ ಕಾಣುವಂತೆ ಮಡಿಚಿ ಜಗುಲಿಯ ಮೇಲೆ ಹರಡುತ್ತಿದ್ದ. ಮದುವೆಗೆ ನವಿಲಿಲ್ಲದ ಧೋತ್ರ ತಂದರೆ ಬೀಗರು ಮುಖ ಗಂಟಿಕ್ಕುತ್ತಿದ್ದ ಕಾಲ ಅದು. ಆಮೇಲೆ ಗಿರಣಿಯವರಿಗೆ ಏನು ಬಂತೋ, ನೂಲು ತೆಳುವಾಯಿತು, ಗಂಜಿ ದಪ್ಪವಾಯಿತು. ಮೊದಲ ಒಗೆತಕ್ಕೇ ಧೋತ್ರ ಜಾಳುಜಾಳು. ಅಂಥದ್ದೊಂದನ್ನು ನೆರೆಮನೆಯ ಅಜ್ಜಮ್ಮ ನಡುಬೀದಿಯಲ್ಲಿ ಅವನ ಗಂಟಿನ ಮೇಲೆ ಎಸೆದಿದ್ದಳು.

"ಇದೇನು ಬಟ್ಟೇನೋ, ಹಿಟ್ಟು ಜರಡಿಯೋ?"

ಓಬಳಪ್ಪ ಆ ಧೋತ್ರವನ್ನು ಮಡಿಚಿ ಗಂಟಿಗೆ ಸೇರಿಸಿಕೊಂಡ. ಆದರೆ ಬೇರೆ ಸರಕು ಹೊರಲು ಒಪ್ಪಲಿಲ್ಲ. ಅಂದಿನಿಂದ ನವಿಲು ಒಳಗೆ ಬರುವಂತೆ ಮಡಿಚತೊಡಗಿದ, ಹೆಂಡತಿಗೂ ಹಾಗೇ ಮಡಿಚಲು ಹೇಳಿದ. ಪಾಪ, ತಾನು ನೇಯದ ಬಟ್ಟೆಗೆ ತಾನು ನಾಚಿಕೊಂಡ ಮನುಷ್ಯ.

*

ಅಜ್ಜಮ್ಮ ಕೋಲೂರಿಕೊಂಡು ಬಂದಳು. ಕಂಕುಳಲ್ಲಿದ್ದ ಗಂಟನ್ನು ಭೀಮಕ್ಕನ ಮಡಿಲಿಗೆ ಹಾಕಿದಳು.

"ನನ್ನ ಮಣ್ಣಿಗಂತ ತೆಗೆದಿಟ್ಟಿದ್ದೆ. ಒಳ್ಳೆ ಕಾಲದಾಗೆ ನಿನ್ನ ಗಂಡನ ಹತ್ರಾನೇ ತಗಂಡಿದ್ದು. ನೀರು ಕಂಡಿಲ್ಲ."

"ನಿಮಗೆ ಬೇಕಲ್ಲವ್ವ..."

"ಕಂಟ್ರೋಲು ಮುಗಿಯೋ ತನಕ ನಾ ಸಾಯಂಗಿಲ್ಲ ಬಿಡು."

ರೇವಣ್ಣ ಗಂಟು ಬಿಚ್ಚಿ ಬಟ್ಟೆಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಒತ್ತಾದ ನೇಯ್ಗೆ, ಮೆತ್ತಗೆ, ಗಟ್ಟಿ. "ಹಿಂಗಿತ್ತಾ ನವಿಲು! ಮರ್ತೇಬಿಟ್ಟಿದ್ದೆ." ಅಂಗಳದಲ್ಲಿದ್ದವರೂ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಜರಡಿ ಎಂದು ನಕ್ಕವರೂ ಅವರಲ್ಲಿದ್ದರು.

ಭೀಮಕ್ಕ ಬಟ್ಟೆಯನ್ನು ಗಂಡನ ಮೇಲೆ ಹೊಚ್ಚಿದಳು. ಅಭ್ಯಾಸಬಲದಿಂದ ಕೈ ತಾನಾಗಿ ಛಾಪಿನ ತುದಿಯನ್ನು ಒಳಕ್ಕೆ ಮಡಿಚಿತು.

ಅಜ್ಜಮ್ಮ ಕೋಲು ಬಿಟ್ಟು ಕೂತಳು. ಮಡಿಕೆ ಬಿಡಿಸಿ, ತುದಿಯನ್ನು ಹೊರಗೆಳೆದು, ಓಬಳಪ್ಪನ ಎದೆಯ ಮೇಲೆ ಸುಕ್ಕಿಲ್ಲದಂತೆ ಸವರಿದಳು.

ಹೆಣ ಎತ್ತಿದಾಗ ಬೀದಿಯವರೆಲ್ಲ ಜಗುಲಿಗಳ ಮೇಲೆ ಬಂದು ನಿಂತಿದ್ದರು. ನೀಲಿ ನವಿಲು ಮೇಲ್ಮುಖವಾಗಿ, ಎಲ್ಲರಿಗೂ ಕಾಣುವಂತೆ ಹೋಯಿತು.