ಮೊದಲ ತುಂಡು

ನಮ್ಮ ಮನೆಯ ಗ್ಯಾಸ್ ಒಲೆಗೆ ಎರಡು ಉರಿ. ಎಡಗಡೆಯದು ಅಮ್ಮನದು, ಬಲಗಡೆಯದು ಅಂಬುಜತ್ತೆಯದು. ಹಾಗೆಂದು ಯಾರೂ ಹಂಚಿಕೊಟ್ಟಿರಲಿಲ್ಲ. ಆದರೆ ಒಬ್ಬರ ಉರಿಯ ಮೇಲೆ ಇನ್ನೊಬ್ಬರು ಪಾತ್ರೆ ಇಟ್ಟದ್ದನ್ನು ನಾನು ಕಂಡವಳಲ್ಲ. ಬೆಳಗಾದರೆ ಇಬ್ಬರೂ ಭುಜಕ್ಕೆ ಭುಜ ತಾಕದಂತೆ ಅಕ್ಕಪಕ್ಕ ನಿಂತು ಬೇಯಿಸುತ್ತಿದ್ದರು. ಅಮ್ಮನ ಪಲ್ಯ, ಅತ್ತೆಯ ಹುಳಿ. ಅಪ್ಪ ಎರಡನ್ನೂ ಹೊಗಳದೆ ಉಂಡು ಆಫೀಸಿಗೆ ಓಡುತ್ತಿದ್ದರು. ಬಾಯಿತಪ್ಪಿ ಒಂದನ್ನು ಹೊಗಳಿದರೆ ಸಂಜೆಯವರೆಗೂ ಪಾತ್ರೆಗಳ ಸದ್ದು ಕೇಳಬೇಕಾಗುತ್ತಿತ್ತು.

ಈ ಹಗೆತನಕ್ಕೆ ಕಾರಣ ನಾನು. ಅಂಬುಜತ್ತೆ ಅಪ್ಪನ ಅಕ್ಕ. ಗಂಡನೊಡನೆ ಜಗಳವಾಡಿ, ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದು, ಮತ್ತೆ ಹಿಂದಿರುಗದವರು. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಹೆತ್ತ ಮೇಲೆ ಅಮ್ಮ ಕಾಯಿಲೆ ಬಿದ್ದಳು. ಕೂಸಿಗೂ ತಗಲೀತೆಂದು ಡಾಕ್ಟರು ಹೆದರಿಸಿದ್ದರಿಂದ ಅವಳು ನನ್ನನ್ನು ಅತ್ತೆಯ ಕೈಗೆ ಬಿಟ್ಟು ತವರಿಗೆ ಹೋಗಿ ಎರಡು ವರ್ಷ ಅಲ್ಲಿಯೇ ಉಳಿದಳು. ಗುಣವಾಗಿ ಬಂದು ಕೈ ಚಾಚಿದಾಗ ನಾನು ಚೀರಿಕೊಂಡು ಅತ್ತೆಯ ಸೆರಗಿನಲ್ಲಿ ಅಡಗಿದೆನಂತೆ. ಆ ಚೀರಾಟಕ್ಕಾಗಿ ಅಮ್ಮ ಅತ್ತೆಯನ್ನು ಕ್ಷಮಿಸಲಿಲ್ಲ. ಅಂದಿನಿಂದ ನಾನು ಯಾರ ಮಗಳೆಂಬುದು ಮನೆಯಲ್ಲಿ ಪ್ರತಿದಿನ ತೀರ್ಮಾನವಾಗಬೇಕಾದ ವಿಷಯವಾಯಿತು.

ನನ್ನ ಹುಟ್ಟುಹಬ್ಬವೂ ಎರಡು. ಇಂಗ್ಲಿಷ್ ತಾರೀಖಿನ ಪ್ರಕಾರ ಅಮ್ಮ ಮಾಡುತ್ತಿದ್ದಳು. ನಕ್ಷತ್ರದ ಪ್ರಕಾರ ಅತ್ತೆ. ಅವೆರಡರ ನಡುವೆ ಕೆಲವು ದಿನಗಳ ಅಂತರವಿರುತ್ತಿದ್ದುದರಿಂದ ನಾವು ಬದುಕಿಕೊಂಡಿದ್ದೆವು. ಹತ್ತೊಂಬತ್ತು ತುಂಬುವ ವರ್ಷ ಪುರೋಹಿತರು ಪಂಚಾಂಗ ತೆಗೆದು ನೋಡಿ, ಈ ಸಲ ಎರಡೂ ಒಂದೇ ದಿನ ಕೂಡಿಬಂದಿವೆ, ಬಹಳ ಶ್ರೇಷ್ಠ ಎಂದರು. ಅಪ್ಪನ ಮುಖ ಬಿಳಿಚಿಕೊಂಡಿತು.

"ಒಟ್ಟಿಗೇ ಮಾಡಿಬಿಡಿ," ಎಂದರು ಅಪ್ಪ.

"ಮಾಡೋಣ," ಎಂದಳು ಅಮ್ಮ. "ಅತ್ತಿಗೆ ಆ ದಿನ ಸ್ವಲ್ಪ ರೆಸ್ಟ್ ತಗೊಳ್ಳಲಿ."

"ನಾನ್ಯಾಕೆ ರೆಸ್ಟ್ ತಗೊಳ್ಳಲಿ, ಪ್ರಮೀಳಾ? ಎರಡು ವರ್ಷ ರೆಸ್ಟ್ ತಗೊಂಡೋಳು ನೀನು," ಎಂದರು ಅತ್ತೆ.

ಅಪ್ಪ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ಅಮ್ಮ ದಪ್ಪನೆಯ ಡ್ರಾಯಿಂಗ್ ಹಾಳೆ ತಂದು ಮಡಿಚಿ, ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಹೂವಿನಂತೆ ಅಚ್ಚೊತ್ತಿ ಆಮಂತ್ರಣಗಳನ್ನು ಸಿದ್ಧಪಡಿಸಿದಳು. ಅತ್ತೆ ಉಳಿದ ಬೆಂಡೆಕಾಯಿಯನ್ನೆಲ್ಲ ಹುಳಿಗೆ ಹಾಕಿ, ತಾವು ಬಿಳಿ ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಒಣಗಲು ಇಟ್ಟರು. ಒಳಗಿನ ಬರಹಕ್ಕೆ ಮಾತ್ರ ಇಬ್ಬರಿಗೂ ನಾನೇ ಬೇಕಾದೆ, ಅಕ್ಷರ ದುಂಡಗಿತ್ತಲ್ಲ. ಅಮ್ಮನ ಹಾಳೆಯಲ್ಲಿ "ನಮ್ಮ ಮುದ್ದಿನ ಮಗಳ ಜನ್ಮದಿನ, ಕೇಕ್ ಕತ್ತರಿಸುವುದು ಸಂಜೆ ಐದೂವರೆಗೆ" ಎಂದು ಬರೆದೆ. ಅತ್ತೆಯ ಹಾಳೆಯಲ್ಲಿ "ನಾನು ಎತ್ತಿ ಆಡಿಸಿದ ಕೂಸಿನ ಜನ್ಮನಕ್ಷತ್ರ, ಆರತಿ ಸಂಜೆ ಐದೂವರೆಗೆ" ಎಂದು ಬರೆದೆ. ಸಮಯ ಬೇರೆ ಮಾಡಿಕೊಳ್ಳಿ ಎಂದು ಇಬ್ಬರನ್ನೂ ಬೇಡಿದೆ. ಅವಳು ಬದಲಾಯಿಸಲಿ ಎಂದರು ಒಬ್ಬರು. ಅವರು ಬದಲಾಯಿಸಲಿ ಎಂದಳು ಇನ್ನೊಬ್ಬಳು. ಹತ್ತೊಂಬತ್ತರ ಹುಡುಗಿ ತನ್ನ ಮುದ್ದಿನ ಬಗ್ಗೆ ತಾನೇ ಬರೆದುಕೊಳ್ಳುವ ನಾಚಿಕೆ ಅವರಿಬ್ಬರಿಗೂ ಹೊಳೆಯಲೇ ಇಲ್ಲ.

ಅತ್ತೆ ಬೀದಿಯ ಒಂದು ತುದಿಯಿಂದ ಕುಂಕುಮದ ಬಟ್ಟಲು ಹಿಡಿದು ಹೊರಟರು. ಅಮ್ಮ ಇನ್ನೊಂದು ತುದಿಯಿಂದ ನನ್ನನ್ನು ಎಳೆದುಕೊಂಡು ಹೊರಟಳು. ನಟ್ಟನಡುವೆ, ನಮ್ಮ ಎದುರು ಮನೆಯ ಶಾರದಮ್ಮನವರ ಬಾಗಿಲಲ್ಲಿ ಇಬ್ಬರೂ ಕೂಡಿದರು. ಶಾರದಮ್ಮ ಹಣೆಗೆ ಅತ್ತೆಯ ಕುಂಕುಮ ಇಡಿಸಿಕೊಂಡು, ಕೈಯಲ್ಲಿ ಎರಡು ಕಾಗದ ಹಿಡಿದು ಓದಿದರು.

"ಎರಡೂ ಒಂದೇ ಮನೇದಲ್ವಾ?"

"ಮನೆ ಒಂದೇ," ಎಂದಳು ಅಮ್ಮ. "ಮಗಳು ನನ್ನವಳು. ಕೇಕಿನ ಮೊದಲ ತುಂಡು ಯಾರ ಬಾಯಿಗೆ ಹೋಗುತ್ತೆ ಅಂತ ಬಂದು ನೋಡಿ."

"ನೋಡಲಿ ಬಿಡು. ನಾನೂ ನೋಡ್ತೀನಿ," ಎಂದರು ಅತ್ತೆ, ನನ್ನ ಕಡೆ ತಿರುಗಿ.

ಶಾರದಮ್ಮ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ನನಗೆ ಆ ಕನಿಕರದ ಮೇಲೂ ಸಿಟ್ಟು ಬಂತು. ಆ ರಾತ್ರಿಯಿಡೀ ಒಂದೇ ಯೋಚನೆ: ಊರೆದುರು ಅಮ್ಮನಿಗೆ ತಿನ್ನಿಸಿದರೆ ಅತ್ತೆ ಮತ್ತೆ ಟ್ರಂಕು ಕಟ್ಟುತ್ತಾರೆ. ಅತ್ತೆಗೆ ತಿನ್ನಿಸಿದರೆ ಅಮ್ಮ ಇನ್ನೆಂದೂ ನನ್ನತ್ತ ಕೈ ಚಾಚುವುದಿಲ್ಲ.

ಹುಟ್ಟುಹಬ್ಬದ ದಿನ ಮಧ್ಯಾಹ್ನ ಎರಡು ಉರಿಗಳೂ ಒಟ್ಟಿಗೆ ಹತ್ತಿಕೊಂಡವು. ಅಮ್ಮ ಹೊಲಿಗೆ ಕ್ಲಾಸಿನ ಗೆಳತಿಯಿಂದ ಕಲಿತ ಸುಲಭದ ಕೇಕು: ಮೈದಾ, ಸಕ್ಕರೆ, ಮೊಸರು, ಚಿಟಿಕೆ ಸೋಡಾ. ಕುಕ್ಕರಿನ ತಳಕ್ಕೆ ಮರಳು ಹರಡಿ, ರಬ್ಬರು, ವಿಷಲ್ ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ ಇಡಬೇಕು. ನಡುವೆ ಮುಚ್ಚಳ ತೆಗೆಯಬಾರದು, ಅಷ್ಟೇ. ಅತ್ತೆಯ ಉರಿಯ ಮೇಲೆ ಶ್ಯಾವಿಗೆ ಪಾಯಸ. ಅಮ್ಮ ಸೀರೆ ಉಡಲು ಕೋಣೆಗೆ ಹೋದಾಗ ಅತ್ತೆ ಸೆರಗಿನಿಂದ ಕುಕ್ಕರಿನ ಮುಚ್ಚಳ ಎತ್ತಿ, ಬಗ್ಗಿ, ನಿಧಾನವಾಗಿ ನೋಡಿದರು. ಉಬ್ಬಿದ್ದ ಕೇಕು ನಮ್ಮ ಕಣ್ಣೆದುರೇ ನಡುವೆ ಕುಸಿಯಿತು.

"ಸೀದ ವಾಸನೆ ಬಂತು. ಅದಕ್ಕೇ ನೋಡಿದೆ," ಎಂದರು, ಬಾಗಿಲಲ್ಲಿ ಬಂದು ನಿಂತ ಅಮ್ಮನಿಗೆ.

ಅಮ್ಮ ಒಲೆಯ ಬಳಿ ಬಂದು, ಹಾಲು ಇನ್ನೂ ಕುದಿಯದಿದ್ದ ಪಾಯಸದ ಉರಿಯನ್ನು ಆರಿಸಿ, "ಉಕ್ಕೋ ಹಾಗಿತ್ತು. ಅದಕ್ಕೇ ಆರಿಸಿದೆ," ಎಂದಳು.

ಐದೂವರೆಗೆ ನಡುಮನೆಯಲ್ಲಿ ಎಲ್ಲ ಸಿದ್ಧವಿತ್ತು. ಒಂದು ಕಡೆ ಮೇಜು, ನಡುವೆ ಗುಂಡಿ ಬಿದ್ದ ಕೇಕು, ಗುಂಡಿಗೆ ತುಂಬಿದ ಜಾಮು. ಇನ್ನೊಂದು ಕಡೆ ರಂಗೋಲಿ, ಮಣೆ, ಆರತಿ ತಟ್ಟೆ, ಸರಿಯಾಗಿ ಬೇಯದ ಪಾಯಸ. ನಾನು ಎರಡರ ನಡುವೆ ರೇಷ್ಮೆ ಸೀರೆಯಲ್ಲಿ ಬೆವರುತ್ತಿದ್ದೆ. ಅಪ್ಪನಿಗೆ ಅಂದೇ ಆಫೀಸಿನಲ್ಲಿ ಮುಗಿಯದ ಕೆಲಸವಿತ್ತು. ಆರಾಯಿತು. ಯಾರೂ ಬರಲಿಲ್ಲ.

ಆರರ ಮೇಲೆ ಶಾರದಮ್ಮ ಒಬ್ಬರೇ ಬಂದು ಗೇಟಿನ ಹೊರಗೇ ನಿಂತರು. ಅಮ್ಮ, ಅತ್ತೆ ಇಬ್ಬರೂ ಹೊರಗೆ ಧಾವಿಸಿದರು.

"ಒಳಗೆ ಬರಲ್ಲ ಕಣ್ರೀ," ಎಂದರು ಶಾರದಮ್ಮ. "ಹೇಳಿ ಹೋಗೋಣ ಅಂತ ಬಂದೆ. ಬೀದಿಯೋರೆಲ್ಲ ಕೂತು ಮಾತಾಡ್ಕೊಂಡ್ವಿ. ಒಬ್ಬರ ಕಡೆ ಬಂದ್ರೆ ಇನ್ನೊಬ್ಬರಿಗೆ ಬೇಜಾರು. ನಿಮ್ಮಿಬ್ಬರ ಮಧ್ಯೆ ನಾವ್ಯಾಕೆ ಸಿಕ್ಕಿ ಹಾಕ್ಕೊಳ್ಳಬೇಕು? ಅದಕ್ಕೇ ಯಾರೂ ಬರ್ತಾ ಇಲ್ಲ."

ಅವರು ಬೆನ್ನು ತಿರುಗಿಸಿದ್ದೇ ತಡ, ನಾನು ಹುಟ್ಟಿದಂದಿನಿಂದ ಕೇಳದಿದ್ದ ಮಾತುಕತೆಯೊಂದು ಗೇಟಿನಲ್ಲಿ ಶುರುವಾಯಿತು.

"ನೋಡಿದ್ರಾ ಅತ್ತಿಗೆ, ಎಷ್ಟು ಕೊಬ್ಬು."

"ಇವಳ ಸೊಸೆ ಬಾಣಂತನಕ್ಕೆ ನಾನು ಖಾರದ ಪುಡಿ ಕುಟ್ಟಿ ಕೊಟ್ಟಿದ್ದೆ ಕಣೇ, ಪ್ರಮೀಳಾ."

"ನನ್ನ ಹತ್ರ ತಗೊಂಡು ಹೋದ ಇಡ್ಲಿ ಪಾತ್ರೆ ಇನ್ನೂ ವಾಪಸ್ ಬಂದಿಲ್ಲ."

ಇಬ್ಬರೂ ಗೇಟಿಗೆ ಒರಗಿ, ಬೀದಿಯ ಒಂದೊಂದು ಮನೆಯನ್ನೂ ಹೆಸರು ಹಿಡಿದು ಜಾಲಾಡಿಸತೊಡಗಿದರು. ಅವರ ಭುಜಗಳು ತಾಕಿಕೊಂಡಿದ್ದವು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನಗಾಗಿ ಒಂದಾಗದವರು ಬೀದಿಯವರನ್ನು ಬೈಯಲು ಒಂದಾಗಿದ್ದರು. ನಾನು ಒಳಗಿದ್ದೇನೆಂಬುದನ್ನೇ ಇಬ್ಬರೂ ಮರೆತಿದ್ದರು. ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ. ಚಾಕು ತೆಗೆದುಕೊಂಡು ಕೇಕಿನ ಅಂಚಿನಿಂದ ದೊಡ್ಡದೊಂದು ತುಂಡು ಕತ್ತರಿಸಿ, ಮೇಜಿನ ಪಕ್ಕದಲ್ಲೇ ನಿಂತು ತಿಂದೆ.

ಇಬ್ಬರೂ ಒಳಗೆ ಬಂದಾಗ ಕೇಕಿನ ತಟ್ಟೆಯಲ್ಲಿ ಖಾಲಿ ಜಾಗ ಕಂಡಿತು.

"ಮೊದಲ ತುಂಡು ಯಾರಿಗೆ ಎತ್ತಿಟ್ಟೆ?" ಎಂದಳು ಅಮ್ಮ.

"ನಾನೇ ತಿಂದೆ."

ಅಮ್ಮ ಅತ್ತೆಯ ಕಡೆ ತಿರುಗಿದಳು.

"ಬೆಳೆಸಿದ್ದು ನೀವಲ್ವಾ. ನಿಮ್ಮ ಬುದ್ಧೀನೇ ಬಂದಿದೆ."

"ಹೆತ್ತಿದ್ದು ನೀನಲ್ವೇನೇ," ಎಂದರು ಅತ್ತೆ. "ರಕ್ತ ಎಲ್ಲಿಗೆ ಹೋಗುತ್ತೆ? ಥೇಟ್ ನಿನ್ನ ಮಗಳು."

"ಎತ್ತಿ ಆಡಿಸಿದ ಕೂಸು ಅಂತ ಊರಿಗೆಲ್ಲ ಕಾಗದ ಹಂಚಿದ್ದು ಯಾರು?"

"ನನ್ನವಳಾಗಿದ್ರೆ ಹೀಗೆ ಒಬ್ಬಳೇ ತಿಂತಾ ಇದ್ಳಾ?"

ಹದಿನೇಳು ವರ್ಷ ನನ್ನನ್ನು ತಮ್ಮತಮ್ಮ ಕಡೆಗೆ ಎಳೆದವರು ಈಗ ಒಬ್ಬರ ಕಡೆಗೊಬ್ಬರು ತಳ್ಳುತ್ತಿದ್ದರು. ಬಿಟ್ಟುಕೊಡುವುದರಲ್ಲಿಯೂ ಸೋಲಬಾರದೆಂಬ ಹಟ ಇಬ್ಬರಿಗೂ ಇತ್ತು. ಮೊದಲ ತುಂಡು ಯಾರ ಬಾಯಿಗೆ ಎಂಬ ನನ್ನ ಯೋಚನೆ ಎಲ್ಲಿಯೋ ಕಳಚಿ ಬಿದ್ದಿತ್ತು. ಅವರು ಜಗಳವಾಡುತ್ತಲೇ ಇದ್ದರು. ನಾನು ಚಾಕುವಿಗೆ ಅಂಟಿದ್ದ ಜಾಮನ್ನು ತಟ್ಟೆಯ ಅಂಚಿಗೆ ಒರೆಸಿ, ಕುರ್ಚಿ ಎಳೆದು ಕುಳಿತು, ಎರಡನೆಯ ತುಂಡನ್ನು ಕತ್ತರಿಸಿಕೊಂಡೆ.