ಉಲ್ಟಾ ಹೊಲಿಗೆಯ ಬೆಲ್ಟು

ಸೋಮವಾರ ಬೆಳಿಗ್ಗೆ ನನ್ನ ಗಂಡ ಸ್ಟೀರಿಂಗ್ ಮಾರಿಬಿಡ್ತೀನಿ ಅಂದರು. ಯಾರಿಗೋ ಫೋಟೋ ಕಳಿಸಿ, ಮಾತೆಲ್ಲ ಮುಗಿಸಿ, ಆಮೇಲೆ ನನಗೆ ಹೇಳಿದ್ದು. ನನಗೆ ಪಿತ್ತ ನೆತ್ತಿಗೇರಿತು.

"ಯಾರನ್ನ ಕೇಳಿ ಮಾತಾಡಿದ್ರಿ?"

"ನನ್ನ ಸ್ಟೀರಿಂಗ್ ಕಣೇ, ಯಾರನ್ನ ಕೇಳ್ಬೇಕು? ಮುಂದಿನ ಸೋಮವಾರ ಬಂದು ತಗೊಂಡು ಹೋಗ್ತಾನೆ."

ಈ ಸ್ಟೀರಿಂಗ್ ಕಂಪ್ಯೂಟರಿಗೆ ಸಿಕ್ಕಿಸುವಂಥದ್ದು, ಮನೆಯಲ್ಲೇ ಕೂತು ಕಾರ್ ರೇಸು ಓಡಿಸೋಕೆ. ಇವರು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಎರಡು ವರ್ಷದ ಕೆಳಗೆ ಲೋಡಿನ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಜಾರಿ ಬಿದ್ದರು. ಎದೆಯಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಕೈ ಎರಡೂ ಗಟ್ಟಿಯಾಗಿವೆ, ಆದರೆ ಮೈ ನೆಟ್ಟಗೆ ನಿಲ್ಲುವುದಿಲ್ಲ. ದನಿಯೂ ಕುಗ್ಗಿತ್ತು. ಮೊದಲ ವರ್ಷ ಪೂರ್ತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಆಮೇಲೆ ಹಳೇ ಡ್ರೈವರ್ ಗೆಳೆಯರೆಲ್ಲ ಸೇರಿ ಈ ಸ್ಟೀರಿಂಗ್ ತಂದುಕೊಟ್ಟರು. ಅವರಲ್ಲೇ ವೆಲ್ಡಿಂಗ್ ಬಲ್ಲವನೊಬ್ಬ ಕಬ್ಬಿಣದ ಚೌಕಟ್ಟು ಮಾಡಿ, ಹಳೇ ಕಾರಿನ ಸೀಟು ಕೂರಿಸಿ, ಬ್ರೇಕು, ಆಕ್ಸಿಲರೇಟರು ಎರಡೂ ಸ್ಟೀರಿಂಗ್ ಹಿಂದೆ ಬೆರಳಿಗೆ ಸಿಗುವ ಹಾಗೆ ಜೋಡಿಸಿಕೊಟ್ಟ. ಅವತ್ತಿಂದ ಮನುಷ್ಯ ಮನುಷ್ಯರಾದರು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೋ ಇರುವ ಹತ್ತಿಪ್ಪತ್ತು ಜನರ ಜೊತೆ ರೇಸು. ಅವರೆಲ್ಲ ಇವರನ್ನು ಲಾರಿ ಮಾಮ ಅಂತ ಕರೀತಾರೆ.

ತಾಪತ್ರಯ ಏನಂದರೆ, ಆ ಸ್ಟೀರಿಂಗ್ ಆಟದ ಸಾಮಾನಲ್ಲ. ತಿರುವಿನಲ್ಲಿ ನಿಜವಾದ ಗಾಡಿಯ ಥರ ಕೈಯನ್ನು ಜಗ್ಗುತ್ತದೆ. ಅದು ಎಡಕ್ಕೆ ಜಗ್ಗಿದರೆ ಇವರೂ ಎಡಕ್ಕೆ. ಬೀಳದ ಹಾಗೆ ಎಡಗೈಯಲ್ಲಿ ಸೀಟು ಹಿಡಿದುಕೊಂಡರೆ ಬ್ರೇಕ್ ಒತ್ತುವವರ್ಯಾರು? ರೇಸಿನ ಹೊತ್ತು ಹೆಚ್ಚಿಸಿದ ಮೇಲೆ, ಮೂರು ವಾರದಿಂದ ಅರ್ಧ ರೇಸಿಗೇ ವಾಲಿಬಿದ್ದು ಹೊರಗೆ ಬಂದಿದ್ದರು. ಈ ಭಾನುವಾರದ್ದು ನಲವತ್ತು ನಿಮಿಷದ ರೇಸು. ಮುಗಿಸಲಿಕ್ಕೆ ಆಗದಿದ್ದರೆ ಬೇರೆಯವರನ್ನು ಹಾಕಿಕೊಳ್ತೀವಿ ಮಾಮ, ಬೇಜಾರು ಮಾಡ್ಕೋಬೇಡಿ ಅಂತ ರೇಸಿನಲ್ಲಿ ಇವರ ತಂಡದವರು ಹೇಳಿದ್ದರಂತೆ. ಅದಕ್ಕೇ ಈ ಮಾರಾಟ. ಸ್ಟೀರಿಂಗ್ ಹೋದರೆ ಇವರು ಮತ್ತೆ ಆ ಗೋಡೆ ಕಡೆ ತಿರುಗುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

"ಭಾನುವಾರ ನೀವು ನಲವತ್ತು ನಿಮಿಷ ಕೂರ್ತೀರಿ. ಆಮೇಲೂ ಮಾರ್ಬೇಕು ಅನ್ಸಿದ್ರೆ ನಾನೇ ಪ್ಯಾಕ್ ಮಾಡಿ ಕೊಡ್ತೀನಿ," ಅಂದೆ.

"ನೀನೇನು ಹಿಂದೆ ನಿಂತು ಹಿಡ್ಕೊಂಡಿರ್ತೀಯಾ?"

"ಇಲ್ಲ, ಕಟ್ಟಿಹಾಕ್ತೀನಿ."

ಬರೀ ಬಾಯಿಮಾತಲ್ಲ. ಹದಿನೆಂಟು ವರ್ಷದಿಂದ ಕುಶನ್ ಅಂಗಡಿಯಲ್ಲಿ ಬಸ್ಸು, ಕಾರುಗಳ ಸೀಟ್ ಕವರ್ ಹೊಲಿಯುವವಳು ನಾನು. ಒಂದು ಬೆಲ್ಟು ಏನು ಮಹಾ.

ಮೊದಲು ಫೋನಿನಲ್ಲಿ ಹುಡುಕಿದೆ. ನಿಜವಾದ ರೇಸಿನವರು ಹಾಕಿಕೊಳ್ಳುವ ಬೆಲ್ಟಿಗೆ ನನ್ನ ಮೂರು ತಿಂಗಳ ಸಂಬಳ. ಬೆಲೆ ಓದಿ ಹೇಳಿದ್ದಕ್ಕೆ ಇವರು, "ಅದರ ಬದಲು ನನ್ನನ್ನೇ ಮಾರು," ಅಂದರು. ಅಗ್ಗದ್ದೂ ಇದ್ದವು, ಸ್ಕೂಲ್ ಬ್ಯಾಗಿನ ಪಟ್ಟಿಯಷ್ಟು ತೆಳ್ಳಗೆ. ತಗೊಂಡವರೆಲ್ಲ ಜಾರುತ್ತೆ ಅಂತ ಗೋಳಾಡಿದ್ದರು.

ಮಂಗಳವಾರ ಗುಜರಿಗೆ ಹೋಗಿ ಹಳೇ ಕಾರಿನ ಸೀಟ್ ಬೆಲ್ಟ್ ಬಿಚ್ಚಿಸಿ ತಂದೆ. ಬೋಲ್ಟು ಹಾಕಿ, ಇವರಿಗೆ ಕಟ್ಟಿ, "ಎಡಕ್ಕೆ ವಾಲಿ ನೋಡಿ," ಅಂದೆ. ಇವರು ನಿಧಾನಕ್ಕೆ ವಾಲಿದರು. ಬೆಲ್ಟೂ ಮರ್ಯಾದೆಯಿಂದ ನಿಧಾನಕ್ಕೆ ಜೊತೆಗೇ ಬಂತು. ಜೋರಾಗಿ ಎಳೆದರೆ ಮಾತ್ರ ಅದು ಬಿಗಿ ಹಿಡಿಯುವುದು! ಮನೆಯೊಳಗಿನ ಸೀಟು ಯಾವ ಗುಂಡಿಗೆ ಬಿದ್ದು ಜೋರಾಗಿ ಕುಲುಕಬೇಕು?

"ಇದೂ ನನ್ನ ಹಾಗೇ ಕಣೇ. ಗದರಿದ್ರೆ ಮಾತ್ರ ನಿಲ್ಲೋದು," ಅಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಬುಧವಾರ ಅಂಗಡಿ ಮಾಲೀಕರಿಗೆ ಹೇಳಿದೆ. ಕೊಂಕಿಲ್ಲದೆ ಒಂದು ಮಾತಾಡಿದವರಲ್ಲ ಆ ಮನುಷ್ಯ. "ಗಂಡನ್ನ ಕಟ್ಟಿಹಾಕೋಕೆ ಬೆಲ್ಟು ಬೇಕಾ? ನಮ್ಮನೇಲಿ ಬರೀ ಬಾಯಲ್ಲೇ ಆಗುತ್ತಮ್ಮಾ," ಅಂದರು. ಆದರೂ ಲಗೇಜು ಬಿಗಿಯುವ ದಪ್ಪ ಪಟ್ಟಿ ಕೊಟ್ಟರು. ಬಕಲ್ಲು ಗುಜರಿಯ ಬೆಲ್ಟಿನದ್ದೇ ಆಯಿತು. ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಹೊಲಿದೆ. ಹೆಗಲಿಗೆ ಎರಡು ಪಟ್ಟಿ, ಸೊಂಟಕ್ಕೆ ಒಂದು. ನಮ್ಮ ಕಸುಬಿನಲ್ಲಿ ಸೀಟ್ ಕವರನ್ನು ಅಳತೆಗಿಂತ ಅರ್ಧ ಇಂಚು ಕಡಿಮೆ ಕತ್ತರಿಸುತ್ತೇವೆ, ಎಳೆದು ಹಾಕಿದಾಗ ಸುಕ್ಕಿಲ್ಲದೆ ಕೂರಲಿ ಅಂತ. ಅಂಚಿಗೆ ಪೈಪಿಂಗ್, ಅಂದರೆ ಒಳಗೆ ದಾರವಿಟ್ಟ ಉಬ್ಬು ಪಟ್ಟಿ ಕೊಟ್ಟು, ಹೊಲಿಗೆಯನ್ನೆಲ್ಲ ಒಳಕ್ಕೆ ಮಡಚುತ್ತೇವೆ. ಹಾಗೇ ಮಾಡಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ನೋಡಿ, "ಶೋರೂಮ್ ಮಾಲು," ಅಂದರು. ನಾನು ಉಬ್ಬಿಹೋದೆ.

ಗುರುವಾರ ಸಂಜೆ ಇವರು ಇಪ್ಪತ್ತೈದು ನಿಮಿಷ ಕೂತರು. ಎರಡೂ ಕೈ ಸ್ಟೀರಿಂಗ್ ಮೇಲೆ, ಮುಖದ ತುಂಬ ನಗು. ಆಮೇಲೆ ಮಂಚಕ್ಕೆ ಸಾಗಿಸಿ ಬಟ್ಟೆ ಬದಲಾಯಿಸುವಾಗ ಕಣ್ಣಿಗೆ ಬಿತ್ತು. ಸೊಂಟದ ಎರಡೂ ಮೂಳೆಯ ಮೇಲೆ ಪೈಪಿಂಗಿನ ಗೆರೆ ಕೆಂಪಗೆ ಅಚ್ಚೊತ್ತಿತ್ತು. ಬೆರಳಲ್ಲಿ ಒತ್ತಿದರೂ ಆ ಕೆಂಪು ಹೋಗಲಿಲ್ಲ.

"ಯಾಕೆ ಸುಮ್ನಾದೆ?" ಅಂದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲ ದಿನವೇ ಹೆದರಿಸಿದ್ದರು. ಗೊತ್ತಾಗದ ಜಾಗದಲ್ಲಿ ಇಂಥದ್ದೊಂದು ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕು, ಜೀವಕ್ಕೂ ಬರಬಹುದು ಅಂತ. ನನ್ನ ಕೈಯಾರೆ ನಾನೇ ಮಾಡಿದ್ದೆ. ಹದಿನೆಂಟು ವರ್ಷ ಹೊಲಿದರೂ ಯಾವ ಸೀಟಿಗೂ ನೋವಾಯ್ತಾ ಅಂತ ಕೇಳುವ ಅಭ್ಯಾಸ ನನಗಿರಲಿಲ್ಲ.

"ಬಿಡು. ಮಾರಿಬಿಡೋಣ," ಅಂದರು.

"ಬಾಯಿ ಮುಚ್ಕೊಂಡು ಮಲಗ್ರಿ."

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಗಿಸಿ, ಕತ್ತರಿ ತಗೊಂಡು ಬೆಲ್ಟನ್ನು ಪೂರ್ತಿ ಬಿಚ್ಚಿ ಹಾಕಿದೆ. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದೆ. ಸೊಂಟಕ್ಕೆ ಒಂದು ದಾರವೂ ತಾಗಕೂಡದು ಅಂದರು. ಕಟ್ಟಲೇಬೇಕು ಅಂದರೆ ಹೊಟ್ಟೆಗೆ, ಅಗಲವಾಗಿ, ಮೆತ್ತಗೆ. ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಮೊದಲು ಹತ್ತು ನಿಮಿಷಕ್ಕೆ ಬಿಚ್ಚಿ ಮೈ ನೋಡು, ಗೆರೆ ಇಲ್ಲದಿದ್ದರೆ ಮಾತ್ರ ಹೊತ್ತು ಹೆಚ್ಚಿಸು.

ಶುಕ್ರವಾರ ಮತ್ತೆ ಹೊಲಿದೆ. ಹೆಗಲಿಗೆ ಮೊದಲಿನ ಹಾಗೇ ಎರಡು ಪಟ್ಟಿ, ಸೊಂಟದ ಬದಲು ಹೊಟ್ಟೆಗೆ ಒಂದು ಗೇಣು ಅಗಲದ ಪಟ್ಟಿ, ಒಳಗೆ ಸ್ಪಂಜು. ಈ ಸಲ ಮಡಿಕೆ, ಗಂಟು, ಹೊಲಿಗೆ ಎಲ್ಲ ಹೊರಗೆ. ಮೈಗೆ ತಾಗುವ ಕಡೆ ಒಂದೇ ಒಂದು ಟಾಕು ಇಲ್ಲ. ನೋಡೋಕೆ ಮಾತ್ರ ದೇವರಿಗೇ ಪ್ರೀತಿ.

"ಏನಮ್ಮಾ ಇದು, ಉಲ್ಟಾ ಹೊಲಿದಿದ್ದೀಯ?" ಮಾಲೀಕರು ಹೌಹಾರಿದರು. "ನಮ್ಮ ಅಂಗಡೀದು ಅಂತ ಯಾರಿಗೂ ಹೇಳ್ಬೇಡ."

"ಚಂದ ಇರೋ ಕಡೆ ಅವರ ಮೈಗೆ ಬರುತ್ತೆ ಸಾರ್. ನೋಡೋರು ಏನಾದ್ರೂ ಅಂದ್ಕೊಳ್ಳಲಿ."

ಅವರು ಒಳಗೆ ಹೋಗಿ, ದೊಡ್ಡವರ ಕಾರಿಗೆ ಅಂತ ಎತ್ತಿಟ್ಟಿದ್ದ ಮೆತ್ತನೆ ಬಟ್ಟೆಯಲ್ಲಿ ಅರ್ಧ ಮೀಟರ್ ಹರಿದು ತಂದರು. "ಇದನ್ನ ಹಾಕು. ಆ ಬಟ್ಟೆ ಒರಟು," ಅಂದರು.

ಶನಿವಾರಕ್ಕೆ ಸೊಂಟದ ಕೆಂಪು ಇಳಿದಿತ್ತು. ಹತ್ತು ನಿಮಿಷ ಕೂರಿಸುವುದು, ಬಿಚ್ಚುವುದು, ಟಾರ್ಚು ಹಾಕಿ ನೋಡುವುದು. ಇಪ್ಪತ್ತು ನಿಮಿಷ, ಮತ್ತೆ ನೋಡುವುದು. "ತರಕಾರಿ ಆರಿಸೋ ಹಾಗೆ ನೋಡ್ತೀಯಲ್ಲೇ," ಅಂತ ಗೊಣಗಿದರು. ಕೊನೆಗೆ ನಲವತ್ತು ನಿಮಿಷ. ಮೈಮೇಲೆ ಒಂದು ಗೆರೆ ಇರಲಿಲ್ಲ.

ಭಾನುವಾರ ನಾಲ್ಕು ಗಂಟೆ. ಇಪ್ಪತ್ತು ಗಾಡಿಯಲ್ಲಿ ಇವರದ್ದು ಹದಿನೇಳನೆಯದು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕೂರಲಿಕ್ಕೆ ಮನಸ್ಸಾಗಲಿಲ್ಲ. ಮೊದಲ ತಿರುವಿನಲ್ಲಿ ಸ್ಟೀರಿಂಗ್ ಜಗ್ಗಿತು. ಕೈ ಹೋಯಿತು, ಮೈ ಹೋಗಲಿಲ್ಲ. ವಾಲಿ ಬೀಳುತ್ತಿದ್ದ ಇಪ್ಪತ್ತನೇ ನಿಮಿಷವೂ ದಾಟಿತು. ಮೂವತ್ತೈದನೇ ನಿಮಿಷಕ್ಕೆ ಯಾವನೋ ಒಳಗಿನಿಂದ ನುಗ್ಗಿ ಇವರ ಗಾಡಿಗೆ ಗುದ್ದಿದ. ಪರದೆಯ ಮೇಲೆ ರಸ್ತೆ ಗಿರ್ರನೆ ತಿರುಗಿತು.

"ಏಯ್! ಕಣ್ ಕಾಣ್ಸಲ್ವೇನೋ ನಿಂಗೆ!"

ಅದು ಲಾರಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ ನನ್ನ ಗಂಡನ ಗಂಟಲು. ಬಿದ್ದ ಮೇಲೆ ಉಸಿರಿಗೆ ಬಲ ಸಾಲದೆ ಅವರ ದನಿ ಕುಗ್ಗಿಹೋಗಿತ್ತು. ಪಕ್ಕದ ಕೋಣೆಯಿಂದ ಕರೆದರೂ ನನಗೆ ಕೇಳಿಸುತ್ತಿರಲಿಲ್ಲ, ಫೋನ್ ಮಾಡಿ ಕರೆಯುತ್ತಿದ್ದರು. ಇನ್ನು ಇಷ್ಟೇ ಅಂತ ಇಬ್ಬರೂ ಒಪ್ಪಿಕೊಂಡಿದ್ದೆವು. ಆ ಒಂದು ಗೇಣಿನ ಪಟ್ಟಿ ಹೊಟ್ಟೆಯನ್ನು ತಡೆದು ಹಿಡಿದು ಉಸಿರಿಗೆ ಆಸರೆ ಕೊಟ್ಟಿತ್ತು. ನಾನು ಹೊಲಿದದ್ದು ವಾಲದಿರಲಿ ಅಂತ ಮಾತ್ರ, ಆಣೆಗೂ ನನಗೆ ಇದು ಗೊತ್ತಿರಲಿಲ್ಲ.

ಅವರೂ ಬೆಚ್ಚಿದ್ದರು. ಗಾಡಿ ನೇರ ಮಾಡಿಕೊಳ್ಳುತ್ತಲೇ ಇನ್ನೊಂದು ಸಲ, ಬೈಯಲಿಕ್ಕೆ ಯಾರೂ ಇಲ್ಲದಿದ್ದರೂ, "ಏಯ್!" ಅಂದು ನೋಡಿದರು. ಎದುರುಮನೆಯವರು ಕಿಟಕಿ ತೆಗೆದರು.

ಹದಿನಾರನೆಯವರಾಗಿ ರೇಸು ಮುಗಿಸಿದರು. ಅಷ್ಟರಲ್ಲಿ ಸ್ಟೀರಿಂಗ್ ಕೊಳ್ಳುವವನ ಫೋನು ಬಂತು. ನಾನೇ ಎತ್ತಿದೆ. ನಾಳೆ ಎಷ್ಟು ಗಂಟೆಗೆ ಬರಲಿ ಅಂದ. ನಾನು ಫೋನನ್ನು ಇವರ ಕಡೆ ಚಾಚಿದೆ. ಇವರು ತಗೊಳ್ಳಲಿಲ್ಲ, ನೆಟ್ಟಗೆ ಕೂತಲ್ಲಿಂದಲೇ ಕೂಗಿದರು.

"ಮಾರೋದಿಲ್ಲ ಕಣಯ್ಯಾ!"

ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಸರಿ ಸಾರ್ ಅಂತ ಇಟ್ಟ.

"ಲೇ, ಬಾರೇ ಇಲ್ಲಿ, ಇದನ್ನ ಬಿಚ್ಚು!"

ನಾನಿದ್ದದ್ದು ನಾಲ್ಕೇ ಹೆಜ್ಜೆ ದೂರದಲ್ಲಿ. ಕಣ್ಣೊರೆಸಿಕೊಂಡು ಸದ್ದಿಲ್ಲದೆ ಹಿತ್ತಲ ಬಾಗಿಲವರೆಗೂ ಹೋಗಿ ನಿಂತೆ.

"ಕೇಳಿಸ್ಲಿಲ್ಲ," ಅಂದೆ. "ಇನ್ನೊಂದ್ಸಲ ಕರೀರಿ."