ಸಮರ್ಕಂದದಲ್ಲಿ ಜೂರಕಾನಳ ಶನಿವಾರ

ನಮ್ಮ ತಂಡದಲ್ಲಿ ಏಳು ಹೆಂಗಸರು, ಎಲ್ಲರಿಗೂ ಐವತ್ತು ದಾಟಿತ್ತು. ನಮ್ಮ ಬೆಟ್ಟದ ಊರು ಅತ್‌ಬಾಶಿಯ ಶಾಲೆಯ ಹಿಂದಿನ ಬಯಲಿನಲ್ಲಿ ಹದಿನೈದು ವರ್ಷದಿಂದ ವಾಲಿಬಾಲ್ ಆಡಿಕೊಂಡು ಬಂದವರು. ಪಕ್ಕದ ದೇಶದ ಸಮರ್ಕಂದದಲ್ಲಿ ನಡೆಯುವ ಹಿರಿಯರ ಪಂದ್ಯಾವಳಿಗೆ ಕರೆ ಬಂದಾಗ ಊರೇ ಎದ್ದು ನಿಂತಿತು. ಕೆಲವರು ತಾವೇ ಹೊಲಿದ ಉಣ್ಣೆಯ ಹಾಸು ಮಾರಿದರು, ಒಬ್ಬರು ಕುರಿ ಮಾರಿದರು. ನಮ್ಮಲ್ಲಿ ಅದುವರೆಗೆ ದೇಶದ ಗಡಿ ದಾಟಿದವರು ಒಬ್ಬರೂ ಇರಲಿಲ್ಲ.

ದುಡ್ಡನ್ನು ಹೇಗೆ ಒಯ್ಯುವುದು ಎಂಬುದಕ್ಕೇ ಮೊದಲ ಜಗಳ. ನಾಯಕಿ ಸಾಯ್ರಗುಲ್ ಎಲ್ಲವನ್ನೂ ತನ್ನ ಬ್ಯಾಂಕ್ ಕಾರ್ಡಿಗೆ ಹಾಕಿಸಿದಳು. ಜೂರಕಾನ್ ಒಪ್ಪಲಿಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಹಣ ಕಳಿಸುವ ಕಿಟಕಿಯ ಹಿಂದೆ ಕೂತವಳು ಅವಳು.

"ಎಲ್ಲಾ ಒಂದೇ ಕಡೆ ಇಡಬೇಡ ಕಣೇ. ಸ್ವಲ್ಪ ನಗದು ಇರಲಿ, ಸ್ವಲ್ಪ ಇನ್ನೊಬ್ಬರ ಹತ್ರ ಇರಲಿ."

"ನಿಂದಿನ್ನೂ ಅರಗಿನ ಮುದ್ರೆ ಒತ್ತೋ ಕಾಲ, ಜೂರಾ!" ಎಂದಳು ಸಾಯ್ರಗುಲ್.

ಎಲ್ಲರೂ ನಕ್ಕೆವು. ಜೋರಾಗಿ ನಕ್ಕವಳು ನಾನೇ. ಜೂರಕಾನ್ ಬ್ಯಾಂಕಿನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿದಳು.

ಶನಿವಾರ ಬೆಳಿಗ್ಗೆ ಸಮರ್ಕಂದದಲ್ಲಿ ರೈಲಿಳಿದೆವು. ಆಟ ಭಾನುವಾರ. ಪ್ರವೇಶ ಶುಲ್ಕವನ್ನು ಮಾತ್ರ ಶನಿವಾರವೇ ಮೂರು ಗಂಟೆಯೊಳಗೆ ಅಲ್ಲಿನ ಹಣವಾದ ಸುಮ್‌ನಲ್ಲಿ, ನಗದಾಗಿಯೇ ಕಟ್ಟಬೇಕಿತ್ತು. ರಸ್ತೆಬದಿಯ ಎಟಿಎಂ ಮುಂದೆ ನಿಂತ ಸಾಯ್ರಗುಲ್ ಗಡಿಬಿಡಿಯಲ್ಲಿ ಹಳೆಯ ಕಾರ್ಡಿನ ಪಿನ್ ಸಂಖ್ಯೆ ಒತ್ತಿದಳು. ತಪ್ಪು ಎಂದಿತು. ಮತ್ತೆ ಅದನ್ನೇ ಒತ್ತಿದಳು. ಮೂರನೆಯ ಸಲ ಯಂತ್ರ ಕಾರ್ಡನ್ನು ನುಂಗಿ ಸುಮ್ಮನಾಯಿತು.

"ಕೊಡೋ ನನ್ ಕಾರ್ಡು!" ಎಂದು ಅವಳು ಚೆಂಡು ಹೊಡೆಯುವ ಕೈಯಲ್ಲೇ ಅದಕ್ಕೆ ಬಾರಿಸಿದಳು.

ಕಾವಲುಗಾರ ನಿಧಾನಕ್ಕೆ ಬಂದ. "ಅಕ್ಕಾ, ಹೊಡೆದ್ರೆ ಕೊಡೋ ಹಾಗಿದ್ರೆ ನಾನೂ ದಿನಾ ಹೊಡೀತಿದ್ದೆ. ಬ್ಯಾಂಕ್ ತೆಗೆಯೋದು ಸೋಮವಾರ."

ನಮ್ಮೆಲ್ಲರ ಕೈಯಲ್ಲಿದ್ದುದು ಚಹಾಕ್ಕೂ ರೊಟ್ಟಿಗೂ ಆಗುವಷ್ಟು. ಆಟದಲ್ಲಿ ಬೆರಳು ಮುರಿದಾಗಲೂ ಅಳದ ಸಾಯ್ರಗುಲ್ ಮೆಟ್ಟಿಲ ಮೇಲೆ ಕುಸಿದು ಅತ್ತಳು. "ಊರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಅಳೋದು ಆಮೇಲೆ," ಎಂದಳು ಜೂರಕಾನ್. "ಗಂಟೆ ಎಷ್ಟು?"

"ಹನ್ನೆರಡೂವರೆ," ಎಂದೆ.

"ನಮ್ಮೂರಲ್ಲಿ ಒಂದೂವರೆ. ಅಲ್ಲಿ ಬ್ಯಾಂಕ್ ಶನಿವಾರವೂ ಇದೆ, ಮೂರಕ್ಕೆ ಮುಚ್ಚುತ್ತೆ, ಅಂದ್ರೆ ಇಲ್ಲಿನ ಎರಡಕ್ಕೆ. ಏಳ್ರೇ!"

ಎದುರಿನ ಚಹಾದಂಗಡಿಯಲ್ಲಿ ವೈಫೈ ಇತ್ತು. ಅವಳು ಮೊದಲು ನಮ್ಮ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನು ನಿಲ್ಲಿಸಿದಳು. ಆಮೇಲೆ ಗಂಡ ಮಾಮಿರ್‌ಬೆಕ್‌ಗೆ.

"ಟ್ರ್ಯಾಕ್ಟರ್ ಟೈರಿಗೆ ಇಟ್ಟಿದ್ದೀಯಲ್ಲ, ಆ ದುಡ್ಡು ತಗೊಂಡು ಬ್ಯಾಂಕಿಗೆ ಓಡು. ನನ್ನ ಹೆಸರಿಗೆ ಸಮರ್ಕಂದಕ್ಕೆ ಕಳಿಸು."

"ಟೈರು?"

"ಇನ್ನೊಂದು ವಾರ ಕುದುರೆ ಹತ್ತು. ಕೇಳಿಲ್ಲಿ, ದುಡ್ಡು ನನ್ನ ಕೈಗೆ ಬಂತು ಅಂತ ನಾನು ಹೇಳೋವರೆಗೂ ಬ್ಯಾಂಕ್ ಬಿಟ್ಟು ಕದಲಬೇಡ."

"ಊಟ ಮಾಡಿಲ್ಲ ಕಣೇ."

"ನಾವೂ ಮಾಡಿಲ್ಲ."

ಶನಿವಾರವೂ ತೆರೆದಿರುವ ಹಣ ಪಾವತಿಯ ಕಚೇರಿ ಬಜಾರಿನ ಆಚೆ ಇತ್ತು. ದಾರಿಯಲ್ಲಿ ಒಬ್ಬ ಗಿಡ್ಡ ಮನುಷ್ಯ ನಮ್ಮ ಮುಖಗಳನ್ನು ಓದಿಯೇ ಅಡ್ಡ ಬಂದ. "ದುಡ್ಡು ಬೇಕೇನಕ್ಕಾ? ಆ ಓಲೆ ಕೊಡಿ, ಈಗಲೇ ಎಣಿಸ್ತೀನಿ." ಸಾಯ್ರಗುಲ್‌ಳ ಕೈ ಕಿವಿಗೆ ಹೋಯಿತು. ಅವಳ ತಾಯಿ ಕೊಟ್ಟ ಬೆಳ್ಳಿಯ ಓಲೆಗಳವು. ಜೂರಕಾನ್ ಆ ಕೈಯನ್ನು ಹಿಡಿದೆಳೆದುಕೊಂಡೇ ನಡೆದಳು.

ಕಚೇರಿಯ ಕಿಟಕಿಯ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ತಲೆಯಾಡಿಸಿದಳು. "ಅಮ್ಮಾ, ದುಡ್ಡು ಬಂದಿದೆ. ಆದ್ರೆ 'ಜೂರಾ' ಅನ್ನೋ ಹೆಸರಿಗೆ. ನೀವು 'ಜೂರಕಾನ್'. ಒಂದಕ್ಷರ ಬೇರೆ ಆದ್ರೂ ಕೊಡೋ ಹಾಗಿಲ್ಲ."

ಗೋಡೆಯ ಗಡಿಯಾರದಲ್ಲಿ ಒಂದು ನಲವತ್ತಾರು. ಜೂರಕಾನ್ ಹುಡುಗಿಯ ಮೇಲೆ ರೇಗಲಿಲ್ಲ. "ನೀನು ಮಾಡ್ತಿರೋದು ಸರಿ ಮಗಳೇ. ಕಳಿಸಿದವರು ಅಲ್ಲೇ ತಿದ್ದಿಸಿದ್ರೆ ಆಗುತ್ತಲ್ಲ?"

"ಆಗುತ್ತೆ. ಅವರು ಇನ್ನೂ ಬ್ಯಾಂಕಲ್ಲೇ ಇದ್ರೆ."

ಕಚೇರಿಯ ವೈಫೈಯಲ್ಲೇ ಜೂರಕಾನ್ ಕರೆ ಮಾಡಿದಳು; ಮಾಮಿರ್‌ಬೆಕ್ ಮೊದಲ ರಿಂಗಿಗೇ ಎತ್ತಿದ. "ಇಲ್ಲೇ ಇದೀನಿ ಮಾರಾಯ್ತಿ, ಹೊಟ್ಟೆ ಕೂಗ್ತಿದೆ."

"ಯಾರೋ ಈ ಜೂರಾ?"

"ಅಯ್ಯೋ. ಮೂವತ್ತೆಂಟು ವರ್ಷ ಹಾಗೇ ಕರೆದಿದ್ದು, ಕೈ ಹಾಗೇ ಬರೆದುಬಿಡ್ತು."

ಜೂರಕಾನಳ ಕಿವಿಗಳು ಕೆಂಪಾದವು. "ಸರಿ, ಸರಿ. ಪಾಸ್‌ಪೋರ್ಟಲ್ಲಿರೋ ಹೆಸರು ಹೇಳಿ ತಿದ್ದಿಸು. ಬೇಗ."

ಎರಡಕ್ಕೆ ನಾಲ್ಕು ನಿಮಿಷವಿದ್ದಾಗ ಹುಡುಗಿ ನಕ್ಕಳು. "ಬಂತಮ್ಮಾ."

ಸಿಕ್ಕಿದ್ದು ಡಾಲರ್. ಜೂರಕಾನ್ ಪ್ರತಿ ನೋಟನ್ನೂ ಬೆಳಕಿಗೆ ಹಿಡಿದಳು. ಮೂಲೆ ಹರಿದ ಒಂದನ್ನು ಕಿಟಕಿಯೊಳಕ್ಕೆ ವಾಪಸು ಸರಿಸಿದಳು. "ಇದನ್ನ ನಾಳೆ ಯಾರೂ ಮುಟ್ಟಲ್ಲ ಮಗಳೇ, ಬೇರೆ ಕೊಡು." ಅಲ್ಲೇ ಪಕ್ಕದ ಹಣ ಬದಲಾಯಿಸುವ ಕೌಂಟರಿನಲ್ಲಿ ಆ ದಿನ ಬೇಕಾದಷ್ಟನ್ನೇ ಸುಮ್‌ಗೆ ಬದಲಾಯಿಸಿ ರಸೀದಿ ಕೇಳಿ ಪಡೆದಳು. ಅಲ್ಲಿನ ನೋಟುಗಳಿಗೆ ಸೊನ್ನೆಗಳು ಜಾಸ್ತಿ; ಅಷ್ಟಕ್ಕೇ ನಾವು ಲಕ್ಷಗಳ ಒಡತಿಯರಾಗಿದ್ದೆವು.

ಕ್ರೀಡಾಂಗಣಕ್ಕೆ ಏದುಸಿರು ಬಿಡುತ್ತಾ ತಲುಪಿದಾಗ ಮೂರಕ್ಕೆ ಐದು ನಿಮಿಷ. ಮೇಜಿನ ಹಿಂದಿದ್ದ ದಪ್ಪ ಮೀಸೆಯವನು ಪುಸ್ತಕ ಮಡಚುತ್ತಿದ್ದ.

"ಏನಮ್ಮಾ, ಮೊಮ್ಮಕ್ಕಳನ್ನ ಆಡಿಸೋಕೆ ಬಂದ್ರಾ?"

"ಅಲ್ಲಪ್ಪಾ, ನಿಮ್ಮೂರವರನ್ನ ಆಡಿಸೋಕೆ," ಎಂದು ಜೂರಕಾನ್ ನೋಟುಗಳನ್ನು ಅವನ ಮುಂದಿಟ್ಟಳು.

ಮರುದಿನ ನಿಜಕ್ಕೂ ಆಡಿಸಿದೆವು. ಸಮರ್ಕಂದದವರು ಸೋತರು, ತಾಷ್ಕೆಂಟಿನವರು ಸೋತರು. ಕೊನೆಯ ಪಂದ್ಯ ಬುಖಾರಾದ ಎತ್ತರದ ಹೆಂಗಸರೊಂದಿಗೆ. ಇಬ್ಬರಿಗೂ ಒಂದೊಂದು ಸೆಟ್. ಹದಿನೈದಕ್ಕೆ ಮುಗಿಯುವ ಮೂರನೆಯದರಲ್ಲಿ ಹತ್ತು-ಹತ್ತು ಆಗಿದ್ದಾಗ ನನ್ನ ಕಾಲು ಉಳುಕಿತು. ಹದಿನೈದು ವರ್ಷ ಬೆಂಚಿನಲ್ಲೇ ಹೆಚ್ಚು ಕೂತಿದ್ದ ಜೂರಕಾನಳ ಕೈಗೆ ಸಾಯ್ರಗುಲ್ ಚೆಂಡು ಕೊಟ್ಟಳು.

"ಹೊಡಿ ಜೂರಾ. ನಿನ್ನೆಯಿಂದ ನಾಯಕಿ ನೀನೇ."

ಜೂರಕಾನಳ ಸರ್ವ್‌ನಲ್ಲಿ ಜೋರಿರಲಿಲ್ಲ. ಆದರೆ ಪ್ರತಿ ಚೆಂಡೂ ಯಾರೂ ನಿಲ್ಲದ ಜಾಗವನ್ನೇ ಹುಡುಕಿಕೊಂಡು ಬೀಳುತ್ತಿತ್ತು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಲ್ಕನೆಯದಕ್ಕೆ ಬುಖಾರಾದ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಹದಿನೈದನೆಯದನ್ನು ಅವರು ಹೇಗೋ ಎತ್ತಿದರು. ಬಲೆಯ ಮೇಲೆ ಬಂದ ಚೆಂಡನ್ನು ಸಾಯ್ರಗುಲ್ ನೆಲಕ್ಕೆ ಬಡಿದಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಾನು ಕುಂಟುತ್ತಲೇ ಒಳಗೆ ಓಡಿದೆ. ಎಲ್ಲರೂ ಸೇರಿ ಜೂರಕಾನಳನ್ನು ಹೆಗಲಿಗೇರಿಸಿದೆವು. ಬುಖಾರಾದ ಹೆಂಗಸರೇ ಮೊದಲು ಚಪ್ಪಾಳೆ ತಟ್ಟಿದರು.

"ಇಳಿಸ್ರೇ, ಸೊಂಟ ಹೋಯ್ತು!" ಎಂದು ಅವಳು ನಗುತ್ತಾ, ಬೈಯುತ್ತಾ ಕೂಗಿದಳು. ಅಂಕಣ ಪೂರ್ತಿ ಸುತ್ತಿ ಬರುವವರೆಗೆ ನಾವು ಇಳಿಸಲಿಲ್ಲ.